ಹಕಾರವಿಲ್ಲದ ಬೀಗದಕೈ

ಕಂಪ್ಯೂಟರ್ ಕೆಲಸಕ್ಕೆ ಹೊಸದಾಗಿ ಸೇರಿದ ನಮ್ಮ ಬೀದಿಯ ಮಕ್ಕಳು ಆಗಾಗ ನನ್ನನ್ನು ಕೆಣಕುತ್ತಾರೆ. ‘ಆಂಟಿ, ನಿಮ್ ಕಾಲದಲ್ಲಿ ನೆಟ್ಟೇ ಸರಿಯಾಗಿರ್ಲಿಲ್ವಲ್ಲ, ಅದೇನ್ ಕೆಲ್ಸ ಮಾಡ್ತಿದ್ರಿ?’ ಬೀಗ ತೆಗೆಯುವ ಕೆಲಸ ಮಾಡುತ್ತಿದ್ದೆ ಎಂದರೆ ನಗುತ್ತಾರೆ. ನಕ್ಕವರು ನಾಳೆ ಯಾವುದೋ ಆಫೀಸಿನಲ್ಲಿ, ಪಾಸ್‌ವರ್ಡ್ ಮರೆತ ಯಜಮಾನರ ಎದುರು ಬೆವರುತ್ತ ನಿಂತಾಗ ನನ್ನ ನೆನಪಾದರೆ ಸಾಕು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾರು ಎಂಥ ಹಾರ ಹಾಕಿದರು ಎಂಬುದೆಲ್ಲ ಇದರಲ್ಲಿಲ್ಲ. ಅದನ್ನು ತಿಳಿದು ಯಾರಿಗೂ ಏನೂ ಆಗಬೇಕಾದ್ದಿಲ್ಲ.

ನನ್ನದು ಗಾವಡಗೆರೆಯ ಹತ್ತಿರದ ಒಂದು ಹಳ್ಳಿ. ಹುಣಸೂರಿನಲ್ಲಿ ಟೈಪಿಂಗ್ ಕಲಿತು, ಅಲ್ಲಿಂದ ಕಂಪ್ಯೂಟರಿಗೆ ಜಾರಿ, ಮೈಸೂರಿನ ಒಂದು ಸಣ್ಣ ಕಂಪನಿಗೆ ಸೇರಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕು ನನ್ನ ಪಾಲಿಗೆ ಬಂದವು. ಹೆಂಗಸು ಹೀಗೆ ಬಸ್ಸಿನಲ್ಲಿ ಅಲೆಯೋಕಾಗುತ್ತಾ ಎಂದು ಕೇಳಿದ ನಮ್ಮ ಮ್ಯಾನೇಜರಿಗೆ, ‘ಅಲೆಯೋದು ಬಸ್ಸು ಸಾರ್, ನಾನು ಕೂತಿರ್ತೀನಿ’ ಎಂದಿದ್ದೆ. ಅವರಿಗೆ ನನ್ನ ಬಾಯಿ ಅವತ್ತಿನಿಂದಲೂ ಹಿಡಿಸಲಿಲ್ಲ.

ಆ ಕಾಲದಲ್ಲಿ ಅಕ್ಕಿ ಗಿರಣಿ, ಗೊಬ್ಬರದಂಗಡಿ, ಹಾಸ್ಟೆಲು, ದವಾಖಾನೆ, ಎಲ್ಲಿ ಕಂಪ್ಯೂಟರಿತ್ತೋ ಅಲ್ಲೆಲ್ಲ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶ ಇರುತ್ತಿತ್ತು. ಅದರ ಬೀಗ ವಿಚಿತ್ರವಾದದ್ದು. ಮಾಹಿತಿಯೆಲ್ಲ ಒಂದು ಫೈಲಿನಲ್ಲಿ, ಅದರೊಳಗೆ ಯಾರ್ಯಾರನ್ನು ಬಿಡಬೇಕು ಎಂಬ ವಿವರ ಇನ್ನೊಂದು ಫೈಲಿನಲ್ಲಿ. ಜನ ಮೊದಲನೆಯದನ್ನು ಜೋಪಾನ ಮಾಡುತ್ತಿದ್ದರು. ಎರಡನೆಯದು ಒಂದಿದೆ ಎಂಬುದೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ಅದು ಕಂಪ್ಯೂಟರಿನ ಯಾವುದೋ ಮೂಲೆಯಲ್ಲಿ ಕುಳಿತಿರುತ್ತಿತ್ತು. ಅದು ಹೋದ ದಿನ ಮಾಹಿತಿ ಕಣ್ಣೆದುರೇ ಇದ್ದರೂ ಒಳಗೆ ಹೋಗುವ ಹಾಗಿಲ್ಲ. ‘ನಿಮಗೆ ಅನುಮತಿ ಇಲ್ಲ, ನಿಮ್ಮ ಮೇಲ್ವಿಚಾರಕರನ್ನು ಕೇಳಿ’ ಎಂಬರ್ಥದ ಒಂದು ಇಂಗ್ಲಿಷ್ ವಾಕ್ಯ ಬರುತ್ತಿತ್ತು. ಆ ವಾಕ್ಯವನ್ನು ಓದುತ್ತ ಕುಳಿತವರೇ ಅಲ್ಲಿನ ಮೇಲ್ವಿಚಾರಕರಾಗಿರುತ್ತಿದ್ದರು.

ಎಷ್ಟೋ ಸಲ ಬೀಗ ಹಾಕಿಕೊಂಡದ್ದಕ್ಕೆ ತಂತ್ರಜ್ಞಾನ ಕಾರಣವಾಗಿರುತ್ತಿರಲಿಲ್ಲ, ಮನುಷ್ಯರ ಸ್ವಭಾವ ಕಾರಣವಾಗಿರುತ್ತಿತ್ತು. ಕೆ.ಆರ್. ನಗರದ ಒಂದು ಗಿರಣಿಯಲ್ಲಿ ಒಬ್ಬ ಮ್ಯಾನೇಜರಿದ್ದ. ಅವನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಒಬ್ಬೊಬ್ಬರ ಅನುಮತಿಯನ್ನೂ ಕಿತ್ತುಕೊಳ್ಳುತ್ತ ಹೋದವನು ಅದೇ ಭರದಲ್ಲಿ ತನ್ನದನ್ನೂ ಕಿತ್ತುಕೊಂಡಿದ್ದ. ‘ಎಲ್ರನ್ನೂ ಆಚೆಗಾಕ್ದೆ ಮೇಡಂ, ಈಗ ನನ್ನೇ ಒಳೀಕೆ ಬುಡ್ತಿಲ್ಲ’ ಎಂದು ಅಳುಮೋರೆ ಮಾಡಿಕೊಂಡು ನಿಂತ. ಈ ತಂತ್ರಾಂಶದಲ್ಲಿ ಒಂದು ಒಳ್ಳೆಯ ಗುಣವಿತ್ತು. ಫೈಲನ್ನು ಮೊದಲು ಯಾರು ಮಾಡಿದರೋ ಅವರ ಹಕ್ಕನ್ನು ಪೂರ್ತಿ ಕಿತ್ತುಕೊಳ್ಳಲು ಆಗುತ್ತಿರಲಿಲ್ಲ. ಮಾಡಿದವರು ಯಾರು ಎಂದು ಕೇಳಿದೆ. ಮ್ಯಾನೇಜರ್ ಬೈದು ಕೆಲಸದಿಂದ ಓಡಿಸಿದ್ದ ಗುಮಾಸ್ತ! ಆ ಗುಮಾಸ್ತನ ಮನೆಗೆ ನಾವಿಬ್ಬರೂ ಹೋಗಿ, ಕಾಫಿ ಕುಡಿದು, ಮ್ಯಾನೇಜರ್ ತಲೆ ತಗ್ಗಿಸಿ ಕೇಳಿಕೊಂಡ ಮೇಲೆ ಗಿರಣಿಯ ಫೈಲು ತೆರೆಯಿತು.

ಕಂಪಲಾಪುರದ ಗೊಬ್ಬರದಂಗಡಿಯ ಯಜಮಾನರದು ಇನ್ನೊಂದು ಥರ. ಕ್ಯಾಪ್ಸ್ ಲಾಕ್ ಎಂಬ ದೊಡ್ಡಕ್ಷರದ ಕೀಲಿ ಒತ್ತಿಕೊಂಡಿದ್ದಾಗ ಪಾಸ್‌ವರ್ಡ್ ಹಾಕಿಬಿಟ್ಟಿದ್ದರು. ಆಮೇಲೆ ಸರಿಯಾದ ಅಕ್ಷರಗಳನ್ನೇ ಒತ್ತಿದರೂ ಕಂಪ್ಯೂಟರ್ ಒಪ್ಪುತ್ತಿಲ್ಲ. ಮೊದಲು ಕಂಪ್ಯೂಟರನ್ನು ಬೈದರು, ಆಮೇಲೆ ನನ್ನನ್ನು ಬೈದರು, ಕೊನೆಗೆ ಪಕ್ಕದಂಗಡಿಯವನ ಕಣ್ಣು ಬಿದ್ದಿದೆ ಎಂದರು. ನಾನು ಆ ಕೀಲಿಯನ್ನೇ ಒತ್ತಿ ತೆರೆದು ತೋರಿಸಿ, ಪಾಸ್‌ವರ್ಡನ್ನು ಚಿಕ್ಕಕ್ಷರಕ್ಕೆ ಬದಲಿಸಿಕೊಟ್ಟೆ. ಮುಂದಿನ ಸಲ ಹೋದಾಗ ನೋಡುತ್ತೇನೆ, ಕೀಬೋರ್ಡಿನಲ್ಲಿ ಆ ಕೀಲಿಯೇ ಇಲ್ಲ. ಚಾಕುವಿನಲ್ಲಿ ಎಬ್ಬಿಸಿ ಬಿಸಾಕಿದ್ದರು. ಸಮಸ್ಯೆಯನ್ನು ಹೀಗೆ ಬುಡಸಮೇತ ಕಿತ್ತವರನ್ನು ನಾನು ಬೇರೆ ಕಡೆ ಕಂಡಿಲ್ಲ.

ಇವೆಲ್ಲ ನಕ್ಕು ಮರೆಯುವಂಥವು. ಸರಗೂರಿನ ದವಾಖಾನೆಯಲ್ಲಿ ಆದದ್ದನ್ನು ಮಾತ್ರ ಮರೆತಿಲ್ಲ.

ಅದೊಂದು ಟ್ರಸ್ಟಿನವರು ನಡೆಸುತ್ತಿದ್ದ ಪುಟ್ಟ ದವಾಖಾನೆ. ಬೋರ್ಡಿನ ಮೇಲೆ ‘ಆರೋಗ್ಯ ಕೇಂದ್ರ’ ಎಂದು ಕನ್ನಡ ಅಕ್ಷರದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆದಿತ್ತು, ಅಷ್ಟೇ. ವಾರಕ್ಕೊಂದು ದಿನ ಮೂರ್ಛೆರೋಗದವರನ್ನು ನೋಡುತ್ತಿದ್ದರು. ಬಹಳ ವರ್ಷ ಅದನ್ನು ನಡೆಸಿದ ಹಿರಿಯ ಡಾಕ್ಟರು ಎದೆನೋವು ಬಂದು ಇದ್ದಕ್ಕಿದ್ದಂತೆ ತೀರಿಕೊಂಡಿದ್ದರು. ಯಾರಿಗೆ ಯಾವ ಮಾತ್ರೆ ಹಿಡಿಯಿತು, ಯಾವುದು ಹಿಡಿಯಲಿಲ್ಲ ಎಂದು ಅವರು ಹೇಳುತ್ತಿದ್ದದ್ದನ್ನೆಲ್ಲ ಚಿಕ್ಕತಾಯಮ್ಮ ಎಂಬಾಕೆ ಕಂಪ್ಯೂಟರಿಗೆ ಹಾಕಿಟ್ಟಿದ್ದಳು. ಈಕೆ ಮೊದಲು ಅಲ್ಲಿ ಚೀಟಿ ಕೊಡುತ್ತಿದ್ದಳು. ಡಾಕ್ಟರೇ ಪಕ್ಕದಲ್ಲಿ ಕೂರಿಸಿಕೊಂಡು ಕಂಪ್ಯೂಟರ್ ಕಲಿಸಿದ್ದರು. ಅವರು ಹೋದ ಮೇಲೆ, ಕಂಪ್ಯೂಟರ್ ನಿಧಾನವಾಯಿತೆಂದು ಟ್ರಸ್ಟಿನವರು ಯಾರನ್ನೋ ಕರೆಸಿ ವಿಂಡೋಸನ್ನು ಹೊಸದಾಗಿ ಹಾಕಿಸಿದ್ದರು. ರೋಗಿಗಳ ಮಾಹಿತಿಯ ಫೈಲು ಬೇರೆ ಕಡೆ ಇದ್ದುದರಿಂದ ಉಳಿಯಿತು. ಅನುಮತಿಯ ಫೈಲು ಅಳಿಸಿಹೋಯಿತು.

ನಾನು ಹೋದದ್ದು ಮೂರ್ಛೆರೋಗದವರನ್ನು ನೋಡುವ ದಿನವೇ. ಜಗುಲಿಯ ಮೇಲೆ ಜನ ತುಂಬಿದ್ದರು. ಹೊಸದಾಗಿ ಬರುತ್ತಿದ್ದ ಯುವ ಡಾಕ್ಟರು ನನ್ನನ್ನು ಒಳಗೆ ಕರೆದು, ಗೋಡೆಗೆ ಒರಗಿ ಕುಳಿತಿದ್ದ ಒಬ್ಬ ಹೆಣ್ಣುಮಗಳನ್ನು ಕಿಟಕಿಯಿಂದ ತೋರಿಸಿದರು. ಹೆಸರು ಹೊನ್ನಮ್ಮ. ಮದುವೆಗೆ ಮುಂಚೆ ಮೂರ್ಛೆರೋಗವಿತ್ತು. ಹಿರಿಯ ಡಾಕ್ಟರು ಗುಣಪಡಿಸಿ ಮಾತ್ರೆಯನ್ನೂ ನಿಲ್ಲಿಸಿದ್ದರು. ಹೆರಿಗೆಯಾದ ಮೇಲೆ ಮತ್ತೆ ಬರತೊಡಗಿದೆ.

‘ಈ ರೋಗಕ್ಕೆ ಇಲ್ಲಿ ಸಿಗೋದೇ ಎರಡು ಥರ ಮಾತ್ರೆ. ಆವಾಗ ಎರಡನ್ನೂ ಕೊಟ್ಟಿದ್ದರಂತೆ. ಒಂದರಿಂದ ಮೈಯೆಲ್ಲ ಬೊಬ್ಬೆ ಬಂದು, ಬಾಯೊಳಗೆಲ್ಲ ಚರ್ಮ ಸುಲಿದು, ಸತ್ತು ಬದುಕಿದಾಳೆ’ ಎಂದರು ಡಾಕ್ಟರು. ‘ಅದು ಯಾವುದು ಅಂತ ಅವಳಿಗೆ ಗೊತ್ತಿಲ್ಲ. ಚೀಟಿಗಳನ್ನೆಲ್ಲ ತವರಲ್ಲಿ ಗೆದ್ದಲು ತಿಂದಿದೆ. ಅದನ್ನೇ ಮತ್ತೆ ಕೊಟ್ಟರೆ ಈ ಸಲ ಉಳಿಯಲ್ಲ. ಸದ್ಯಕ್ಕೆ ನಿದ್ದೆ ಬರೋ ಮಾತ್ರೆ ಕೊಟ್ಟು ತಡೆದಿದ್ದೀನಿ. ಅದು ಹೆಚ್ಚು ದಿನ ನಡೆಯೋದಿಲ್ಲ.’

ಹೊರಗೆ ಬಂದು ಹೊನ್ನಮ್ಮನ ಹತ್ತಿರ ಕುಳಿತೆ. ಕೂಸು ಅತ್ತೆಯ ತೊಡೆಯ ಮೇಲಿತ್ತು. ನಾನು ಕೇಳುವ ಮೊದಲೇ ಅತ್ತೆ ಹೇಳಿದಳು: ‘ಅವ್ಳ ಕೈಗೆ ಕೂಸ ಕೊಡಾಕಿಲ್ಲ ಕಣ್ರವ್ವ. ಮೊನ್ನೆ ಒಲೆ ಮುಂದ್ಲೇ ಬಿದ್ಲು. ಕೂಸು ಕಂಕುಳಲ್ಲಿದ್ದಿದ್ರೆ ಏನ್ ಗತಿ?’ ಆಕೆ ಕೆಟ್ಟವಳಲ್ಲ, ಹೆದರಿದ್ದಳು. ಕೂಸು ಅತ್ತಾಗ ಸೊಸೆಯ ಎದೆಗೆ ಒಡ್ಡಿದಳು. ಹಾಲು ಕುಡಿಯುವಷ್ಟು ಹೊತ್ತೂ ಅವಳ ಎರಡು ಕೈಯೂ ಕೂಸಿನ ಕೆಳಗೇ ಇದ್ದವು. ಹೊನ್ನಮ್ಮ ತನ್ನ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಸೆರಗಿನೊಳಗೆ ಇಟ್ಟುಕೊಂಡಿದ್ದಳು.

ಒಳಗೆ ಹೋಗಿ ಕುಳಿತೆ. ಅನುಮತಿಯ ಫೈಲು ಕಳೆದುಹೋದರೆ ಅದನ್ನು ಮತ್ತೆ ಹುಟ್ಟಿಸುವ ದಾರಿ ಒಂದಿತ್ತು. ಮೊದಲ ಸಲ ಮಾಡುವಾಗ ಮೂರು ಪದ ಕೊಟ್ಟಿರುತ್ತಾರೆ. ಮಾಡಿದವರ ಹೆಸರು, ಸಂಸ್ಥೆಯ ಹೆಸರು, ಮತ್ತೊಂದು ಗುಟ್ಟಿನ ಪದ. ಆ ಮೂರನ್ನೂ ಅಕ್ಷರಕ್ಕಕ್ಷರ ಹಾಗೇ ಕೊಟ್ಟರೆ ಹಳೆಯ ಫೈಲಿನ ತದ್ರೂಪ ಹುಟ್ಟುತ್ತದೆ. ಒಂದಕ್ಷರ ತಪ್ಪಿದರೂ ಫೈಲು ಹುಟ್ಟುತ್ತದೆ, ಆದರೆ ಕೆಲಸಕ್ಕೆ ಬರುವುದಿಲ್ಲ. ತಪ್ಪು ಎಲ್ಲಿದೆ ಎಂದೂ ಅದು ಹೇಳುವುದಿಲ್ಲ. ಬೀಗ ಒಡೆಯುವ ತಂತ್ರಾಂಶಗಳೂ ಆಗ ಸಿಡಿಯಲ್ಲಿ ಸಿಗುತ್ತಿದ್ದವು. ನನ್ನ ಬಳಿ ಇದ್ದದ್ದು ಅನುಮತಿಯ ಫೈಲು ಇದ್ದರೆ ಮಾತ್ರ ಪಾಸ್‌ವರ್ಡ್ ಹೇಳುತ್ತಿತ್ತು. ಇಲ್ಲಿ ಅದರಿಂದ ಏನೂ ಆಗುವಂತಿರಲಿಲ್ಲ.

ಬೀಗ ಹಾಕಿದ್ದು ಚಿಕ್ಕತಾಯಮ್ಮನೇ. ‘ಡಾಕ್ಟ್ರು ಯೇಳಿಕೊಟ್ರು, ನಾನು ಟೈಪು ಒಡ್ದೆ ಕಣ್ರೀ. ಎಸ್ರು ನಂದೇಯ. ಸಂಸ್ಥೆ ಅಂದ್ರೆ ನಮ್ಮ ಬೋರ್ಡಲ್ಲಿರೋದು. ಗುಟ್ಟಿನ್ ಮಾತು ನಮ್ಮ ತವರೂರ ಎಸ್ರು, ಅಂಪಾಪುರ. ಎಲ್ಲಾವ ಚಿಕ್ಕಕ್ಸರ’ ಎಂದಳು.

ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡವರನ್ನು ನಾನು ನೋಡಿರಲಿಲ್ಲ. ಊಟದ ಹೊತ್ತಿಗೆ ಮುಗಿಯಿತು ಎಂದುಕೊಂಡೆ. ಅವಳ ಹೆಸರಿನ ಕಾಗುಣಿತ ಅಂಕಪಟ್ಟಿಯಲ್ಲಿತ್ತು. ಸಂಸ್ಥೆಯ ಹೆಸರು ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿತ್ತು. ಹಂಪಾಪುರ ಯಾರಿಗೆ ಗೊತ್ತಿಲ್ಲ, ಮೈಸೂರಿನಿಂದ ಕೋಟೆಗೆ ಹೋಗುವ ದಾರಿಯಲ್ಲಿ ಬಸ್ಸು ನಿಲ್ಲುವ ಊರು. ಮೂರನ್ನೂ ಹಾಕಿ ಫೈಲು ಹುಟ್ಟಿಸಿ ಬಾಗಿಲು ತಟ್ಟಿದೆ. ಅನುಮತಿ ಇಲ್ಲ.

ಮತ್ತೆ ಮಾಡಿದೆ. ಪದಗಳ ನಡುವೆ ಜಾಗ ಬಿಟ್ಟು, ಬಿಡದೆ. ದೀರ್ಘಕ್ಕೆ ಎರಡು ಅಕ್ಷರ ಹಾಕಿ, ಒಂದೇ ಹಾಕಿ. ಮೊದಲಕ್ಷರ ದೊಡ್ಡದು ಮಾಡಿ. ಪ್ರತಿಸಲವೂ ಹೊಸ ಫೈಲು ಹುಟ್ಟುತ್ತಿತ್ತು, ಪ್ರತಿಸಲವೂ ಅದೇ ವಾಕ್ಯ ಬರುತ್ತಿತ್ತು. ಚಿಕ್ಕತಾಯಮ್ಮ ನನ್ನ ಹಿಂದೆ ಕೈಕಟ್ಟಿ ನಿಂತಿದ್ದಳು. ಅವಳಿಗೆ ಕುರ್ಚಿ ಕೊಡಬೇಕು ಅಂತ ಕೂಡ ನನಗೆ ಹೊಳೆಯಲಿಲ್ಲ. ‘ನಾನೇ ಎಲ್ಲಾನೂವೆ ಆಳ್ ಮಾಡ್ಬುಟ್ನೇನೋ’ ಎಂದು ಗೊಣಗುತ್ತಿದ್ದಳು.

ಮಧ್ಯಾಹ್ನ ಮೈಸೂರಿನಿಂದ ಮ್ಯಾನೇಜರ್ ಫೋನ್ ಮಾಡಿದರು. ‘ಆಗಲ್ಲ ಅಂತ ಬರೆದುಕೊಟ್ಟು ಖಾಲಿ ಫೈಲ್ ಒಂದು ಮಾಡಿಕೊಟ್ಟು ಬನ್ನಿ. ಹೊಸದಾಗಿ ತುಂಬಿಕೊಳ್ಳಲಿ’ ಎಂದರು. ಅವರ ಮಟ್ಟಿಗೆ ಅದು ಸರಿಯಾದ ಮಾತೇ. ಆದರೆ ಹೊಸ ಫೈಲಿನಲ್ಲಿ ಹೊನ್ನಮ್ಮನ ಬೊಬ್ಬೆಯ ವಿಷಯ ಎಲ್ಲಿಂದ ಬರಬೇಕು? ಸಿಗ್ನಲ್ ಸರಿಯಿಲ್ಲ ಸಾರ್ ಎಂದು ಫೋನ್ ಇಟ್ಟೆ.

ಇಳಿಹೊತ್ತಾಯಿತು. ಜಗುಲಿಯ ಜನ ಕರಗಿ ಹೊನ್ನಮ್ಮ, ಅತ್ತೆ, ಕೂಸು ಮಾತ್ರ ಉಳಿದಿದ್ದರು. ಡಾಕ್ಟರು ಹೊರಡುವುದರೊಳಗೆ ಏನಾದರೂ ತಿಳಿಯುತ್ತದೆಂದು ಅತ್ತೆ ಸೊಸೆ ಕಾದಿದ್ದರು. ಅಷ್ಟರಲ್ಲಿ ಊರಿನಿಂದ ನಮ್ಮವ್ವ ಫೋನ್ ಮಾಡಿದಳು. ಎಷ್ಟೊತ್ತಿಗೆ ಬರುತ್ತೀಯ ಎಂದು ಕೇಳಿದಳು. ಸಾಕಾಗಿ ಕುಳಿತಿದ್ದವಳು, ‘ಇನ್ನೂ ಒಂಟಿಲ್ಲ ಕಣವ್ವ. ಇಲ್ಲೇನೋ ಎಡವಟ್ಟಾಗದೆ. ಓಗ್ ಮನಿಕ, ನಂಗೆ ಕಾಯ್ಬ್ಯಾಡ’ ಎಂದು ಫೋನ್ ಇಟ್ಟೆ.

ಹಿಂದೆ ನಿಂತಿದ್ದ ಚಿಕ್ಕತಾಯಮ್ಮ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. ‘ಅಯ್ಯೋ ಮೇಡಮ್ಮೋರೆ, ನೀವೂ ನಮ್ಮಂಗೇಯ ಮಾತಾಡ್ತೀರಾ!’

ನನಗೆ ನಗು ಬಂತು. ನಗುತ್ತಿದ್ದಂತೆಯೇ ಒಂದು ವಿಷಯ ಹೊಳೆಯಿತು. ಬೆಳಿಗ್ಗೆಯಿಂದ ಇವಳು ಹೇಳುತ್ತಿದ್ದದ್ದು ಅಂಪಾಪುರ. ನಾನು ಕೇಳಿಸಿಕೊಳ್ಳುತ್ತಿದ್ದದ್ದು ಹಂಪಾಪುರ. ಶಾಲೆಯಲ್ಲಿ ನಮ್ಮ ಮೇಷ್ಟರು ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ, ಉಸಿರು ತಾಗುವವರೆಗೂ ‘ಹ’ ಎನ್ನಿಸುತ್ತಿದ್ದರು. ಆಗಿನಿಂದ ನನ್ನ ಕಿವಿ ಯಾರು ಏನೆಂದರೂ ತಾನೇ ತಿದ್ದಿಕೊಳ್ಳುವುದನ್ನು ಕಲಿತಿತ್ತು. ನಮ್ಮವ್ವನ ಜೊತೆ ಮಾತಾಡುವಾಗ ಮಾತ್ರ ಆ ಮೇಷ್ಟರು ಅಡ್ಡ ಬರುತ್ತಿರಲಿಲ್ಲ.

ಎದ್ದು ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ. ‘ನಿಮ್ ತವರೂರ ಹೆಸರು ನೀವೇ ಒತ್ತಿ’ ಎಂದೆ. ಚಿಕ್ಕತಾಯಮ್ಮ ಒಂದೊಂದೇ ಕೀಲಿ ಹುಡುಕಿ ಒತ್ತಿದಳು. ಮೊದಲು ಬಂದದ್ದು ಎ ಅಕ್ಷರ. ಎಚ್ ಇರಲೇ ಇಲ್ಲ. ಬಾಯಿಗೆ ಬಂದಂತೆ ಬೆರಳಿಗೂ ಬಂದಿತ್ತು.

ಅದನ್ನು ಹಾಕಿ ಫೈಲು ಹುಟ್ಟಿಸಿದೆ. ಆಗಲೂ ಅನುಮತಿ ಇಲ್ಲ!

ನನಗೆ ಅಳು ಬರುವುದೊಂದು ಬಾಕಿ. ಡಾಕ್ಟರು ಬಾಗಿಲಲ್ಲಿ ನಿಂತು ಕೈಗಡಿಯಾರ ನೋಡಿಕೊಂಡರು. ಉಳಿದದ್ದು ಸಂಸ್ಥೆಯ ಹೆಸರೊಂದೇ. ಬೋರ್ಡಿನಲ್ಲಿದ್ದ ಹಾಗೆಯೇ ಹಾಕಿದ್ದೇನೆ. ಆರೋಗ್ಯ ಎಂಬುದರಲ್ಲಿ ಬಿಟ್ಟುಹೋಗಲು ಹಕಾರವೇ ಇಲ್ಲ. ಹಾಗೆ ಯೋಚಿಸುವಾಗ ನನ್ನ ಶಾಲೆಯ ಇನ್ನೊಂದು ಅವಮಾನ ನೆನಪಾಯಿತು. ಹಕಾರ ಕಲಿತ ಹೊಸದರಲ್ಲಿ, ಇನ್‌ಸ್ಪೆಕ್ಟರು ಬಂದ ದಿನ, ಮೇಷ್ಟರಿಗೆ ಒಳ್ಳೆಯ ಹೆಸರು ತರಬೇಕೆಂದು ಎದ್ದು ನಿಂತು ಆನೆಯನ್ನು ‘ಹಾನೆ’ ಎಂದು ಓದಿದ್ದೆ. ತರಗತಿಯೆಲ್ಲ ನಕ್ಕಿತ್ತು.

‘ಚಿಕ್ಕತಾಯಮ್ಮ, ಇದನ್ನೆಲ್ಲ ಹಾಕೋವಾಗ ಡಾಕ್ಟರು ಪಕ್ಕದಲ್ಲೇ ನಿಂತಿದ್ದರಾ?’

‘ಸಂಸ್ಥೆ ಎಸ್ರು ಆಕೋ ಗಂಟ ನಿಂತಿದ್ರು. ಗುಟ್ಟಿನ್ ಮಾತ ನಾನು ನೋಡಾದಿಲ್ಲ ಕಣವ್ವ ಅಂದ್ಬುಟ್ಟು ಆಕಡೀಕೆ ತಿರೀಕಂಡ್ರು.’

‘ಅವರು ನೋಡ್ತಿದ್ದಾಗ ಹೇಗೆ ಒತ್ತಿದ್ರಿ?’

ಅವಳು ತಲೆ ತಗ್ಗಿಸಿದಳು. ‘ದೊಡ್ಡೋರು ನೋಡ್ತಾವ್ರಲ್ಲ ಅಂತ ಒಸಿ ನಾಜೂಕಾಗಿ ಒಡ್ದೆ.’

‘ನಾಜೂಕಾಗಿ ಅಂದ್ರೆ?’

ಬಾಗಿಲಲ್ಲಿದ್ದ ಡಾಕ್ಟರ ಕಡೆ ಒಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ, ಪಟ್ಟಣದವರ ಹಾಗೆ ಉಸಿರು ಬಿಟ್ಟು ಹೇಳಿದಳು: ‘ಹಾರೋಗ್ಯ ಕೇಂದ್ರ.’

ನಾನು ನಗಲಿಲ್ಲ. ನಗುವ ಯೋಗ್ಯತೆ ನನಗಿರಲಿಲ್ಲ. ಎಚ್ ಅಕ್ಷರ ಮುಂದೆ ಸೇರಿಸಿ ಫೈಲು ಹುಟ್ಟಿಸಿದೆ. ಯಾರೋ ನೋಡುತ್ತಿದ್ದಾಗ ಸೇರಿಕೊಂಡ ಒಂದು ಹಕಾರ, ಯಾರೂ ನೋಡದಿದ್ದಾಗ ಬಿಟ್ಟುಹೋದ ಒಂದು ಹಕಾರ. ಎರಡೂ ಕೂಡಿದ ಮೇಲೆ ಬಾಗಿಲು ತೆರೆಯಿತು. ರೋಗಿಗಳ ಹೆಸರು ಪರದೆಯ ತುಂಬ ಬಂದವು.

ಡಾಕ್ಟರು ನನ್ನ ಭುಜದ ಹಿಂದಿನಿಂದ ಬಗ್ಗಿ, ‘ಎಚ್‌ನಲ್ಲಿ ಹುಡುಕಿ, ಹೊನ್ನಮ್ಮ’ ಎಂದರು. ನಾನು ಓ ಅಕ್ಷರಕ್ಕೆ ಹೋದೆ. ‘ಒನ್ನಮ್ಮ’ ಅಲ್ಲೇ ಇದ್ದಳು. ಎರಡು ಮಾತ್ರೆಗಳ ಹೆಸರಿದ್ದವು. ಮೊದಲನೆಯದರ ಮುಂದೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಮಾತು: ಇದ ಇನ್ನೆಂದೂ ಕೊಡಬಾರದು, ಜೀವಕ್ಕೆ ಅಪಾಯ, ಡಾಕ್ಟ್ರು ಯೇಳವ್ರೆ.

ಯುವ ಡಾಕ್ಟರು ಪಕ್ಕದ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ‘ಮುಂದಿನ ವಾರಕ್ಕೂ ಈ ಫೈಲು ತೆರೀದಿದ್ರೆ, ಎರಡರಲ್ಲಿ ಇದನ್ನೇ ಮೊದಲು ಕೊಟ್ಟು ನೋಡೋಣ ಅಂತಿದ್ದೆ’ ಎಂದರು. ಆಮೇಲೆ ಎದ್ದು ಹೋಗಿ ಎರಡನೆಯ ಮಾತ್ರೆ ಬರೆದುಕೊಟ್ಟರು. ಹೊನ್ನಮ್ಮನಿಗೆ ಒಳಗೆ ಏನಾಯಿತೆಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅತ್ತೆ ಕೂಸನ್ನು ಹೆಗಲಿಗೆ ಹಾಕಿಕೊಂಡಳು. ಸೊಸೆ ಚೀಟಿ ಹಿಡಿದು ಹಿಂದೆ ಹೋದಳು.

ಹೆಸರುಗಳ ಕಾಗುಣಿತವನ್ನೆಲ್ಲ ತಿದ್ದಿಬಿಡಿ ಎಂದು ಟ್ರಸ್ಟಿನವರು ಆಮೇಲೆ ಹೇಳಿ ಕಳಿಸಿದರು. ನಾನು ತಿದ್ದಲಿಲ್ಲ. ಹಕಾರ ಹಾಕಿ ಹುಡುಕಿದರೂ ಬಿಟ್ಟು ಹುಡುಕಿದರೂ ಸಿಗುವಂತೆ ಮಾಡಿಕೊಟ್ಟೆ. ಅದನ್ನೇ ಮುಂದೆ ನಾಲ್ಕು ತಾಲ್ಲೂಕಿನಲ್ಲೂ ಮಾಡಿದೆ. ಹೊಸಬರಿಗೆ ನಾನು ಹೇಳುವ ಪಾಠವೂ ಇದೊಂದೇ. ಪಾಸ್‌ವರ್ಡ್ ಏನು ಎಂದು ಕೇಳಿ ನೀವು ಒತ್ತಬೇಡಿ, ಎದ್ದು ಅವರಿಗೆ ಕುರ್ಚಿ ಬಿಡಿ. ಬೀಗ ಹಾಕಿದ ದಿನ ಪಕ್ಕದಲ್ಲಿ ಯಾರಿದ್ದರು ಎಂದೂ ಕೇಳಿ. ತಂತ್ರಾಂಶದ ಹೊಸ ಆವೃತ್ತಿಗಳಲ್ಲಿ ಆ ಬೀಗವನ್ನೇ ತೆಗೆದುಹಾಕಿದರು. ಈಗ ಮೊಬೈಲಿಗೆ ಅಂಕಿ ಬರುತ್ತದೆ, ಅದನ್ನು ಒತ್ತಿದರೆ ಆಯಿತು. ಅಂಕಿಗೆ ಊರಿಲ್ಲ, ಮಾತಿಲ್ಲ. ಕೆಲಸ ಸುಲಭವಾಗಿದೆ, ನನಗೇನೂ ಬೇಜಾರಿಲ್ಲ.

ಅದಾಗಿ ಕೆಲವು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಸರಗೂರಿಗೆ ಹೋಗಿದ್ದೆ. ವಾಪಸು ಹೊರಡಲು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಬಸ್ಸು ಬಂತು, ಜನ ಮುಗಿಬಿದ್ದರು. ನನ್ನ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಒಂದು ಕೈಯಲ್ಲಿ ತರಕಾರಿ ಚೀಲ ಹಿಡಿದು, ಇನ್ನೊಂದು ಕಡೆ ಸೊಂಟದ ಮೇಲೆ ಕೂಸನ್ನಿಟ್ಟುಕೊಂಡು ಹತ್ತಲು ನೋಡುತ್ತಿದ್ದಳು. ಹೊನ್ನಮ್ಮ. ಅತ್ತೆ ಜೊತೆಯಲ್ಲಿರಲಿಲ್ಲ, ಯಾರೂ ಇರಲಿಲ್ಲ. ಕೂಸು ಮೈಕೈ ತುಂಬಿಕೊಂಡು ಅವಳ ಸರ ಎಳೆಯುತ್ತಿತ್ತು. ಅವಳಿಗೆ ನನ್ನ ಗುರುತು ಹತ್ತಲಿಲ್ಲ. ಅವತ್ತು ನಿದ್ದೆಗಣ್ಣಲ್ಲಿದ್ದವಳಿಗೆ ನೆನಪಿರಬೇಕಾದರೂ ಯಾಕೆ?

‘ಅಕ್ಕಾ, ಒಸಿ ಮಗ ಇಡ್ಕತೀರಾ? ಚೀಲ ಮ್ಯಾಕಾಕ್ಬುಡ್ತೀನಿ’ ಎಂದು, ನಾನು ಹೂಂ ಅನ್ನುವ ಮೊದಲೇ ಕೂಸನ್ನು ನನ್ನ ಕಡೆ ಚಾಚಿದಳು.

‘ಕೊಡವ್ವ, ಇಡ್ಕತೀನಿ’ ಎಂದೆ.